ಮಂಚದಡಿಯ ಡೇಲಿಯಾಗಳು

ಆ ಬೀದಿಯಲ್ಲಿ ಗೂಬೆಮಾವ ಎಂದರೆ ಎಲ್ಲರಿಗೂ ಗೊತ್ತು. ಆದರೆ ಅವರ ಮುಖ ನೋಡಿದವರು ಕಡಿಮೆ. ಮೀಸೆ ಚಿಗುರಿದಾಗ ಹಿಡಿದ ಟಾರ್ಚನ್ನು ಮೀಸೆ ನೆರೆಯುವ ತನಕ ಕೆಳಗಿಡದೆ ಒಂದು ದೊಡ್ಡ ಗೋದಾಮಿನ ರಾತ್ರಿ ಕಾವಲು ಕಾದವರು ಅವರು. ಊರು ಬಾಗಿಲು ಹಾಕಿಕೊಳ್ಳುವಾಗ ಇವರು ಮನೆಯಿಂದ ಹೊರಬೀಳುವುದು, ಊರು ಹಲ್ಲುಜ್ಜುವಾಗ ಇವರು ಬಂದು ಮುಸುಕೆಳೆದುಕೊಳ್ಳುವುದು. ಹೀಗಿರುವಾಗ ಮುಖ ನೋಡುವುದಾದರೂ ಯಾರು? ಗೂಬೆ ಎಂಬ ಹೆಸರನ್ನು ಯಾರೋ ಇಟ್ಟರು, ಮಾವ ಎಂಬುದನ್ನು ಮರ್ಯಾದೆಗೆ ಅಂಟಿಸಿದರು, ಅವರೂ ಅದಕ್ಕೇ ಓಗೊಟ್ಟುಕೊಂಡು ಬಂದರು.

ಅವರ ಹೆಂಡತಿಯನ್ನು ಬೀದಿಯವರು ಟೈಲರಮ್ಮ ಅನ್ನುತ್ತಿದ್ದರು. ಮಹಡಿಯ ಮೇಲಿನ ಪುಟ್ಟ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಶೀನು, ಹಿಂದಿನ ಕೋಣೆಯಲ್ಲಿ ಮಲಗಿದ ಗಂಡ, ನಡುವೆ ಒಂದು ತೆಳ್ಳನೆಯ ಬಾಗಿಲು. ಸಂಸಾರ ಹೂಡಿದಂದಿನಿಂದ ಆ ಮನೆಯಲ್ಲಿ ಹಗಲು ಹೊತ್ತು ಯಾರೂ ಬಾಯಿಬಿಟ್ಟು ಮಾತಾಡಿದ್ದಿಲ್ಲ. ಅಂಗಿ ಹೊಲಿಸಲು ಬಂದವರು ಕೈಸನ್ನೆಯಲ್ಲೇ ತೋಳು ಇಷ್ಟುದ್ದ, ಸೊಂಟ ಇಷ್ಟಗಲ ಎಂದು ಹೇಳಿ ಹೋಗುತ್ತಿದ್ದರು. ಮಶೀನು ತುಳಿಯುವುದೆಲ್ಲ ಗಂಡ ಎದ್ದು ಮುಖ ತೊಳೆದ ಮೇಲೆಯೇ. ಟೈಲರಮ್ಮನ ತಂಗಿ, ಅಂದರೆ ಗೂಬೆಮಾವನ ನಾದಿನಿ, ಹುಟ್ಟುತ್ತಲೇ ದೊಡ್ಡ ಗಂಟಲು ತಂದವಳು. ಅವಳಂತೂ ಅಕ್ಕನ ಮನೆಯ ಮೆಟ್ಟಿಲು ಹತ್ತುವ ಮೊದಲು ಕೆಳಗೇ ನಿಂತು ಎದುರುಮನೆಯವರ ಜೊತೆ ಕೂಗಾಡಿ, ಇದ್ದಬದ್ದ ದನಿಯನ್ನೆಲ್ಲ ಅಲ್ಲೇ ಖಾಲಿ ಮಾಡಿ ಬರುತ್ತಿದ್ದಳು.

ಟೈಲರಮ್ಮ ಮನಸ್ಸಿಟ್ಟು ಮಾಡುತ್ತಿದ್ದ ಇನ್ನೊಂದು ಕೆಲಸವೆಂದರೆ ಡೇಲಿಯಾ ಬೆಳೆಸುವುದು. ಮನೆಯ ಕೆಳಗೆ, ಗೋಡೆಗೂ ರಸ್ತೆಗೂ ನಡುವೆ, ಒಂದು ಮೊಳ ಅಗಲದ ಮಣ್ಣಿನ ಪಟ್ಟಿಯಿತ್ತು. ಬೇಸಿಗೆ ಬಂತೆಂದರೆ ಅಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಹೂಗಳು. ಕೆಂಪು ಬಣ್ಣದ್ದು ಒಂದಿತ್ತು ನೋಡಿ, ಹೂವೋ ಹೊಸ ವೆಲ್ವೆಟ್ಟೋ ಎಂದು ಮುಟ್ಟಿ ನೋಡದೆ ಯಾರೂ ಮುಂದೆ ಹೋಗುತ್ತಿರಲಿಲ್ಲ. ಚಳಿಗಾಲದ ಮೊದಲ ಹಿಮಕ್ಕೆ ಗಿಡ ಕಪ್ಪಾಗಿ ಕುಸಿದಾಗ ಬುಡ ಅಗೆದು, ಗೆಡ್ಡೆ ಎತ್ತಿ, ಮಣ್ಣು ಕೊಡವಿ, ನೆರಳಲ್ಲಿ ಆರಿಸಿ, ಹಣ್ಣು ತುಂಬಿ ಬರುವ ಮರದ ಪೆಟ್ಟಿಗೆಗಳಲ್ಲಿ ಮರದ ಹೊಟ್ಟು ಹಾಸಿ ಮಲಗಿಸಿ, ಗಂಡನ ಮಂಚದ ಕೆಳಗೆ ತಳ್ಳುತ್ತಿದ್ದರು. ಮನೆಯಲ್ಲಿ ಅಷ್ಟು ತಣ್ಣನೆಯ, ಅಷ್ಟು ಕತ್ತಲ ಜಾಗ ಇನ್ನೊಂದಿರಲಿಲ್ಲ. ಕಿಟಕಿಗೆ ಕಂಬಳಿಯಷ್ಟು ದಪ್ಪದ ಕಪ್ಪು ಪರದೆ. ಮಂಚದ ಮೇಲೆ ಗಂಡ, ಮಂಚದ ಕೆಳಗೆ ಡೇಲಿಯಾ. ಎಷ್ಟೋ ಚಳಿಗಾಲಗಳನ್ನು ಅವರು ಹಾಗೆ ಒಟ್ಟಿಗೆ ಮಲಗಿಯೇ ಕಳೆದರು.

ಆ ವರ್ಷ ಗೆಡ್ಡೆಗಳು ಮಂಚದಡಿ ಸೇರಿದ ಮೇಲೆ ಗೂಬೆಮಾವನಿಗೆ ನಿವೃತ್ತಿಯಾಯಿತು.

ಮೊದಲ ಕೆಲವು ದಿನ ಅವರು ಹಗಲನ್ನು ನೋಡಿ ಬೆರಗಾದದ್ದೇ ಬೆರಗಾದದ್ದು. ಕಿಟಕಿಯಲ್ಲಿ ನಿಂತು, "ಏನೇ, ಆ ಅಂಚೆಯವಳು ಎಷ್ಟು ಚೆನ್ನಾಗಿ ನಗ್ತಾಳಲ್ಲ!" ಅನ್ನುವರು. "ಪಾರಿವಾಳದ ಕತ್ತು ಹೀಗೆ ಬಣ್ಣ ಬದಲಾಯಿಸುತ್ತಾ?" ಅನ್ನುವರು. ಒಂದು ದಿನ ಹೊರಗಿನಿಂದ ಬಂದವರು ಹೊಸ್ತಿಲಲ್ಲೇ ನಿಂತುಬಿಟ್ಟರು.

"ನಮ್ಮ ಬಾಗಿಲು ಹಸಿರಾ?"

"ಮದುವೆಯಾಗಿ ಬಂದಾಗಿಂದ ಹಸಿರೇ," ಅಂದರು ಟೈಲರಮ್ಮ, ಬಾಯಲ್ಲಿದ್ದ ಸೂಜಿ ತೆಗೆಯದೆ.

"ನಾನು ಇಷ್ಟು ವರ್ಷ ಬೂದು ಅಂದ್ಕೊಂಡಿದ್ದೆ."

"ನನ್ನ ಬಣ್ಣ ಏನಂದ್ಕೊಂಡಿದ್ರಿ?"

ಗೂಬೆಮಾವ ಜಾಣತನದಿಂದ ಬಾಗಿಲಿನ ಧೂಳು ಒರೆಸತೊಡಗಿದರು.

ಆದರೆ ಬೆರಗು ಎಷ್ಟು ದಿನ ಹೊಟ್ಟೆ ತುಂಬಿಸುತ್ತದೆ? ಆಮೇಲೆ ಅವರು ಮುಂದಿನ ಕೋಣೆಗೆ ಬಂದು ಕುಳಿತರು. ಕತ್ತರಿಸಿಟ್ಟ ತೋಳನ್ನು ಎತ್ತಿ "ಇದು ಎಡಗೈದೋ ಬಲಗೈದೋ?" ಅಂದರು. ಗುಂಡಿಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತೇನೆಂದು ಹೊರಟು, ಹೆಂಡತಿ ಗಾತ್ರದ ಪ್ರಕಾರ ಜೋಡಿಸಿಟ್ಟದ್ದನ್ನೆಲ್ಲ ಕಲಸಿದರು. ಅಳತೆ ಕೊಡಲು ಬಂದ ಹೆಂಗಸಿಗೆ, "ಇನ್ನೂ ಸ್ವಲ್ಪ ಸಡಿಲ ಇರಲಿ ಅಮ್ಮ, ವಯಸ್ಸಾಗ್ತಾ ಹೋಗುತ್ತೆ," ಎಂದು ಉಪದೇಶ ಮಾಡಿದರು. ಆ ಹೆಂಗಸು ಬಟ್ಟೆ ವಾಪಸ್ಸು ತೆಗೆದುಕೊಂಡು ಹೋದಳು.

ಟೈಲರಮ್ಮ ತಾಳ್ಮೆಯವರು, ಆದರೂ ಅವರಿಗೆ ಕೈತುಂಬ ಕೆಲಸವಿತ್ತು. ಚಮಚದ ಕಾರ್ಖಾನೆಯವರು ಕೆಲಸಗಾರರಿಗೆಲ್ಲ ನೀಲಿ ಅಂಗಿ ಹೊಲಿಯಲು ಕೊಟ್ಟಿದ್ದರು. ಮಶೀನಿನ ಚಕ್ರ ನಿಲ್ಲಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಗಂಡನನ್ನು ನೋಡಿದರು.

"ನೋಡಿ, ಹಗಲು ಹೊತ್ತು ಮನೇಲಿರೋರು ಏನಾದ್ರೂ ಒಂದು ಕೆಲಸ ಮಾಡ್ಕೊಂಡಿರಬೇಕು. ಇಲ್ಲಾಂದ್ರೆ ಚಮಚದ ಕಾರ್ಖಾನೆಯೋರು ರಾತ್ರಿ ಕಾವಲಿಗೆ ಜನ ಬೇಕು ಅಂತಿದ್ರು. ಒಂದು ಮಾತು ಹೇಳಿಬಿಡ್ತೀನಿ."

ಗೂಬೆಮಾವ ಕಿಟಕಿಯತ್ತ ತಿರುಗಿದರು. ಮತ್ತೆ ಕತ್ತಲಿಗೆ ಹೋಗುವುದೇ? ಅಂಚೆಯವಳ ನಗು, ಪಾರಿವಾಳದ ಕತ್ತು, ಹಸಿರು ಬಾಗಿಲು, ಎಲ್ಲವನ್ನೂ ಬಿಟ್ಟು?

"ಬೇಡ, ಬೇಡ! ಏನು ಮಾಡಬೇಕು ಹೇಳು, ಮಾಡ್ತೀನಿ."

"ನಿಮ್ಮ ಮಂಚದ ಕೆಳಗಿನ ಡೇಲಿಯಾ ನೋಡ್ಕೊಳ್ಳಿ ಹಾಗಾದ್ರೆ. ನಂಗೆ ಈ ಸಲ ಬಗ್ಗಿ ನೋಡೋಕೂ ಪುರುಸೊತ್ತಿಲ್ಲ. ತೀರಾ ಒಣಗಬಾರದು, ಒದ್ದೆಯಾಗಬಾರದು, ಹೆಪ್ಪುಗಟ್ಟಬಾರದು. ಚಳಿ ಪೂರ್ತಿ ಹೋಗೋತನಕ ಮಲಗಿರಬೇಕು, ಅಷ್ಟೇ. ಬೇಗ ಎದ್ದುಬಿಟ್ರೆ ಹೊರಗೆ ನೆಡೋ ಹಾಗೂ ಇಲ್ಲ, ಒಳಗೆ ಇಡೋ ಹಾಗೂ ಇಲ್ಲ. ಕೆಂಪು ಇರೋದು ಒಂದೇ ಗೆಡ್ಡೆ, ಕೆಂಪು ದಾರ ಕಟ್ಟಿದೀನಿ, ನೆನಪಿರಲಿ."

"ಅಷ್ಟೇ ತಾನೆ? ಮಲಗಿರೋದನ್ನ ಕಾಯೋದು! ನನ್ನಷ್ಟು ಅನುಭವ ಇನ್ಯಾರಿಗಿದೆ?" ಎಂದು ಗೂಬೆಮಾವ ಎದೆ ತಟ್ಟಿಕೊಂಡರು.

ಆದರೆ ಆ ವರ್ಷದ ಚಳಿಗಾಲಕ್ಕೆ ಏನು ಬಂದಿತ್ತೋ, ಬಂದ ನೆಂಟರು ಹೊಸ್ತಿಲಲ್ಲೇ ನಿಂತು ಮಾತಾಡಿ ಹೊರಟಹಾಗೆ, ಬಂದೆ ಅನ್ನಿಸಿಕೊಂಡಿತೇ ಹೊರತು ಒಳಗೆ ಬರಲಿಲ್ಲ. ಜನ ಕೋಟು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಓಡಾಡಿದರು. ಗೂಬೆಮಾವ ಕಪ್ಪು ಪರದೆಯನ್ನು ಪಕ್ಕಕ್ಕೆ ಎಳೆದು ಬೆಳಗಿನಿಂದ ಸಂಜೆಯವರೆಗೂ ಬಿಸಿಲನ್ನು ಕೋಣೆಯೊಳಗೆ ಕರೆದರು. ಹಾಸಿಗೆಯ ಪಕ್ಕ ನಿಂತು ಕೈಕಾಲು ಆಡಿಸಿ ವ್ಯಾಯಾಮ ಮಾಡಿದರು. ಬೆಚ್ಚಗಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಆಹಾ, ಹಗಲು ಅಂದರೆ ಇದು, ಅಂದುಕೊಂಡರು. ಮಂಚದ ಕೆಳಗೆ ದಿನಕ್ಕೊಮ್ಮೆ ಬಗ್ಗಿ, ಪೆಟ್ಟಿಗೆಗಳು ಎಣಿಕೆಗೆ ಸರಿಯಾಗಿವೆಯೇ ನೋಡಿ ಏಳುತ್ತಿದ್ದರು. ಗೋದಾಮಿನಲ್ಲೂ ಅವರು ಮಾಡಿದ್ದು ಅದನ್ನೇ. ಪೆಟ್ಟಿಗೆ ಕಳುವಾಗದಿದ್ದರೆ ಆಯಿತು, ಒಳಗೇನಿದೆ ಎಂದು ಬಿಚ್ಚಿ ನೋಡುವುದು ಕಾವಲುಗಾರನ ಕೆಲಸವಲ್ಲ.

ಒಂದು ಬೆಳಗ್ಗೆ ಚಪ್ಪಲಿ ಮಂಚದ ಕೆಳಗೆ ಸರಿಯಿತು. ಅದಕ್ಕಾಗಿ ಕೈ ಹಾಕಿದಾಗ ಏನೋ ತಣ್ಣಗೆ, ನಯವಾಗಿ ಬೆರಳಿಗೆ ತಾಗಿತು. ಗೂಬೆಮಾವ ಹಾವು ಮೆಟ್ಟಿದವರಂತೆ ಹಿಂದಕ್ಕೆ ಹಾರಿದರು. ಆಮೇಲೆ ಧೈರ್ಯ ತಂದುಕೊಂಡು ಪೆಟ್ಟಿಗೆ ಎಳೆದು ನೋಡಿದರೆ, ಹೊಟ್ಟನ್ನು ಸೀಳಿಕೊಂಡು ಬೆಳ್ಳನೆಯ ಮೊಳಕೆಗಳು! ಒಂದೊಂದೂ ಗೇಣುದ್ದ. ಎಲ್ಲವೂ ಕಿಟಕಿಯ ಕಡೆಗೇ ಕತ್ತು ಚಾಚಿಕೊಂಡು, ಬಸ್ಸು ಬಂತಾ ಎಂದು ಇಣುಕುವ ಪ್ರಯಾಣಿಕರ ಹಾಗೆ ನಿಂತಿವೆ. ಕೆಂಪು ಡೇಲಿಯಾದ ಗೆಡ್ಡೆಯಂತೂ ಎಲ್ಲಕ್ಕಿಂತ ಮುಂದೆ.

"ಅಯ್ಯೋ ನಿಮ್ಮ! ಯಾರ್ರೋ ನಿಮ್ಮನ್ನ ಎಬ್ಬಿಸಿದ್ದು?" ಎಂದು ಪಿಸುಗುಟ್ಟಿದರು.

ಯಾರು ಎಬ್ಬಿಸಿದ್ದು? ಗೂಬೆಮಾವ ನೆಲದ ಮೇಲೆ ಕುಳಿತು ಯೋಚಿಸಿದರು. ಗಿಡಗಳ ವಿಷಯ ಅವರಿಗೆ ಏನೇನೂ ಗೊತ್ತಿರಲಿಲ್ಲ. ಆದರೆ ಹಗಲು ಹೊತ್ತು ಮಲಗುವ ಕಷ್ಟ ಅವರಷ್ಟು ಗೊತ್ತಿದ್ದವರು ಇನ್ನೊಬ್ಬರಿರಲಿಲ್ಲ. ಹಾಲಿನವನ ಡಬ್ಬಿ, ಬಾಗಿಲ ಗಂಟೆ, ಎದುರುಮನೆಯ ರೇಡಿಯೋ, ನಾದಿನಿಯ ನಗು! ತಾವು ಮಲಗಿದ್ದಷ್ಟು ದಿನ ಮನೆ ಮೌನವಾಗಿತ್ತು, ಡೇಲಿಯಾ ಹಾಯಾಗಿ ಮಲಗಿದ್ದವು. ಈಗ ಮಶೀನು ಹಗಲೆಲ್ಲ ಕಟಕಟ ಅನ್ನುತ್ತದೆ, ಬಂದವರೆಲ್ಲ ಗಂಟಲು ಹರಿಯುವಂತೆ ಮಾತಾಡುತ್ತಾರೆ. ಏಳದೆ ಏನು ಮಾಡುತ್ತವೆ ಪಾಪ!

ಕಾರಣ ಸಿಕ್ಕಿದ ಮೇಲೆ ಉಪಾಯ ತಾನಾಗಿ ಸಿಕ್ಕಿತು. ಹೆಂಡತಿಗೆ ಗೊತ್ತಾಗುವ ಮೊದಲು ಇವುಗಳನ್ನು ಮತ್ತೆ ಮಲಗಿಸಿಬಿಡಬೇಕು.

ಅವತ್ತೇ ಕಪ್ಪು ಪರದೆ ಮತ್ತೆ ಕಿಟಕಿ ಮುಚ್ಚಿತು. ಗೂಬೆಮಾವ ಹಳೆಯ ಉಣ್ಣೆ ಟೋಪಿಯನ್ನು ಕತ್ತರಿಸಿ ಮಶೀನಿನ ಕಾಲುಗಳಿಗೆಲ್ಲ ಮೆತ್ತೆ ಹಾಕಿದರು. ಬಾಗಿಲ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿದರು. ಹಾಲಿನವನಿಗೆ ದಾರಿಯಲ್ಲೇ ಅಡ್ಡನಿಂತು, "ನಾಳೆಯಿಂದ ಮೆಟ್ಟಿಲು ಬರಿಗಾಲಲ್ಲಿ ಹತ್ತಪ್ಪ," ಅಂದರು.

"ಯಾಕೆ ಮಾವ, ಮನೇಲಿ ಮಗು ಬಂತಾ?"

"ಹೂಂ, ಹಾಗೇ ಅಂದ್ಕೋ."

ಹಾಲಿನವನು ಇವರ ವಯಸ್ಸನ್ನು ಒಮ್ಮೆ ನೋಡಿ, ಸೈಕಲ್ ತಳ್ಳಿಕೊಂಡು ಹೋದ.

ಮಧ್ಯಾಹ್ನ ಟೈಲರಮ್ಮ ಮಶೀನು ತುಳಿಯಲು ಕುಳಿತರೆ, ಒಳಗಿನಿಂದ ಗೂಬೆಮಾವ ತುಟಿಗೆ ಬೆರಳಿಟ್ಟುಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಬಂದರು. "ಸ್ವಲ್ಪ ಮೆತ್ತಗೆ ತುಳೀತೀಯಾ? ಒಳಗೆ... ತಲೆ ಸಿಡೀತಾ ಇದೆ."

"ಯಾರ ತಲೆ?"

"ನಂದೇ. ಇನ್ಯಾರದು?"

ಟೈಲರಮ್ಮ ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ಮುಚ್ಚಿದ ಪರದೆಯನ್ನು ನೋಡಿದರು. ಮಶೀನಿಗೆ ಮುಸುಕು ಹಾಕಿ, ಕೈಹೊಲಿಗೆಗೆ ಕುಳಿತರು. ಆ ಮನೆಗೆ ಮೌನವೆಂದರೆ ಹಳೆಯ ಚಪ್ಪಲಿಯಂತೆ, ಕಾಲು ಹಾಕಿದ ಕೂಡಲೇ ಹೊಂದಿಕೊಂಡಿತು.

ಆದರೆ ಮೊಳಕೆಗಳು ಮಲಗಲಿಲ್ಲ. ಕತ್ತಲು ಮಾಡಿದಷ್ಟೂ ಬೆಳಕು ಹುಡುಕಿಕೊಂಡು ಇನ್ನಷ್ಟು ಉದ್ದವಾದವು, ಇನ್ನಷ್ಟು ಬಿಳಿಚಿದವು. ಗೂಬೆಮಾವ ಒಂದೆರಡನ್ನು ಉಗುರಲ್ಲಿ ಚಿವುಟಿ ನೋಡಿದರು; ಅವುಗಳ ಪಕ್ಕದ ಕಣ್ಣಿನಿಂದ ಇನ್ನೆರಡು ಎದ್ದು ನಿಂತವು. ಕೊನೆಗೆ ಹೊಟ್ಟೆ ನೆಲಕ್ಕೆ ಹಚ್ಚಿ ಅರ್ಧ ಮೈಯನ್ನು ಮಂಚದ ಕೆಳಗೆ ತೂರಿಸಿ, ದನಿ ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿ, ಒಂದು ಜೋಗುಳ ಶುರುಮಾಡಿದರು.

ಆಗಲೇ ನಾದಿನಿ ಬಂದಳು. ಅಕ್ಕ ಅಂಗಡಿಗೆ ಹೋಗಿದ್ದಳು; ಮುಂದಿನ ಕೋಣೆ ಖಾಲಿ. ಒಳಗಿಣುಕಿದರೆ ಭಾವನ ಎರಡು ಕಾಲು ಮಾತ್ರ ಕಾಣುತ್ತಿವೆ, ಮಂಚದ ಕೆಳಗಿನಿಂದ "ಮಲಗು ಕಂದಾ, ಮಲಗು" ಎಂಬ ಒಡೆದ ದನಿ ಬರುತ್ತಿದೆ.

"ಭಾವಾ!"

ಗೂಬೆಮಾವ ಬೆಚ್ಚಿ ತಲೆ ಎತ್ತಿದರು. ಮಂಚ ಠಣ್ ಎಂದಿತು.

"ಮೆತ್ತಗೆ ಮಾತಾಡೇ ಮಾರಾಯ್ತಿ! ಈಗಷ್ಟೇ ತೂಕಡಿಸ್ತಿದ್ವು."

"ಯಾರು ತೂಕಡಿಸ್ತಿದ್ದಿದ್ದು?"

ತಲೆ ಉಜ್ಜಿಕೊಳ್ಳುತ್ತ ಹೊರಬಂದ ಭಾವ, ಬೇರೆ ದಾರಿಯಿಲ್ಲದೆ ಪೆಟ್ಟಿಗೆ ಎಳೆದು ತೋರಿಸಿದರು. ನಾದಿನಿ ಸೆರಗು ಬಾಯಿಗೆ ತುರುಕಿಕೊಂಡು ನಗುವನ್ನು ತಡೆಯಲು ಹೋಗಿ, ತಡೆಯಲಾಗದೆ, ಮಂಚದ ಮೇಲೆ ಬಿದ್ದು ಹೊರಳಾಡಿ ನಕ್ಕಳು.

"ನಗು, ನಗು. ನಿಮ್ಮಕ್ಕನಿಗೆ ಗೊತ್ತಾದ್ರೆ ನಂಗೆ ಚಮಚ ಕಾಯೋ ಕೆಲಸವೇ ಗತಿ."

"ಯೋಚನೆ ಮಾಡಬೇಡಿ ಭಾವ. ಇದು ಬರೀ ತಂಪಿನ ಪ್ರಶ್ನೆ. ನಮ್ಮೋರು ಇದ್ದಾರಲ್ಲ!"

ನಾದಿನಿಯ ಗಂಡ ಫ್ರಿಜ್ ರಿಪೇರಿ ಮಾಡುವವನು. ಗೂಬೆಮಾವನಿಗೆ ಷಡ್ಡಕ. ಅವನು ಕೈಯಿಟ್ಟ ಫ್ರಿಜ್ಜಿನಲ್ಲಿ ಮೊಟ್ಟೆಯಿಟ್ಟರೆ ಮರಿಯಾಗಿ ಬರುತ್ತದೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಆದರೆ ಮುಳುಗುವವರು ಹಗ್ಗದ ಗಟ್ಟಿತನ ನೋಡುತ್ತಾರೆಯೇ? ಮಾರನೆಯ ದಿನವೇ ಷಡ್ಡಕ ಒಂದು ಹಳೆಯ ಫ್ರಿಜ್ಜನ್ನು ಬೆನ್ನಿಗೆ ಕಟ್ಟಿಕೊಂಡು, ಪ್ರತಿ ಮೆಟ್ಟಿಲಿಗೂ ಒಮ್ಮೆ ಧಡ್, ಒಮ್ಮೆ ಧಡಾರ್ ಅನ್ನಿಸುತ್ತ ಮೇಲೆ ಬಂದ.

"ಏನಪ್ಪಾ ಇದು?" ಟೈಲರಮ್ಮ ಸೂಜಿ ಹಿಡಿದ ಕೈ ಅಲ್ಲಾಡಿಸದೆ ಕೇಳಿದರು. ಅವರ ಮಡಿಲಲ್ಲಿ ದಪ್ಪನೆಯ ಕಪ್ಪು ಬಟ್ಟೆಯೊಂದಿತ್ತು. ಗಂಡ ಬಾಗಿಲಿಗೆ ಬಂದದ್ದನ್ನು ಕಂಡು ಅದನ್ನು ಸರಕ್ಕನೆ ನೀಲಿ ಅಂಗಿಗಳ ರಾಶಿಯ ಕೆಳಗೆ ತುರುಕಿದರು.

"ಅಣ್ಣನ ತಲೆನೋವಿಗೆ, ಅತ್ತಿಗೆ. ಹಣೆಗೆ ಐಸ್ ಇಡೋಕೆ," ಎಂದ ಷಡ್ಡಕ.

"ಇಷ್ಟು ದೊಡ್ಡ ಹಣೆಯಾ ಇವರದ್ದು?"

ಫ್ರಿಜ್ಜು ಹಿಂದಿನ ಕೋಣೆ ಸೇರಿತು. ಕೋಣೆಯ ಬಾಗಿಲು ಮುಚ್ಚಿತು. ಷಡ್ಡಕ ಪ್ಲಗ್ ಹಾಕಿದ ಕೂಡಲೇ ಫ್ರಿಜ್ಜು ಒಮ್ಮೆ ಮೈ ಜಾಡಿಸಿ, ಗುರ್ರ್ ಎಂದು ಶುರುಮಾಡಿತು.

"ಆರಿಸೋ, ಆರಿಸೋ! ಇಷ್ಟು ಸದ್ದಲ್ಲಿ ಯಾರಿಗೆ ನಿದ್ದೆ ಬರುತ್ತೆ?"

"ಗೆಡ್ಡೆಗೆ ಕಿವಿ ಎಲ್ಲಿದೆ ಅಣ್ಣ?"

"ನಿಂಗೇನು ಗೊತ್ತು? ಮೊಳಕೆ ಬಂದಿದೆಯೋ ಇಲ್ವೋ? ಮೊಳಕೆ ಬರೋಕೆ ಕಿವಿ ಕೇಳಲೇಬೇಕು."

ಕೊನೆಗೆ ಫ್ರಿಜ್ಜಿನ ಸುತ್ತ ರಜಾಯಿ ಸುತ್ತಿ ಸದ್ದನ್ನು ಅಡಗಿಸಿದರು. ಗೆಡ್ಡೆಗಳನ್ನು ಒಂದೊಂದಾಗಿ ಎತ್ತಿ ಒಳಗೆ ಜೋಡಿಸಿದರು. ಕೆಂಪು ಗೆಡ್ಡೆಗೆ ಮೇಲಿನ ಅಟ್ಟ. ಬಾಗಿಲು ಮುಚ್ಚುವ ಮೊದಲು ಗೂಬೆಮಾವ, "ಜಾಣರಾಗಿ ಮಲಗಿಕೊಳ್ಳಿ," ಅಂದರು.

ರಜಾಯಿ ಹೊದ್ದ ಫ್ರಿಜ್ಜು ಏನಾಗುತ್ತದೆ? ಅದೂ ಷಡ್ಡಕನ ಕೈಯಿಂದ ಬಂದದ್ದು? ಬೆಳಗ್ಗೆ ಬಾಗಿಲು ತೆರೆದರೆ ಬಿಸಿನೀರಿನ ಹಂಡೆಯ ಮುಚ್ಚಳ ತೆಗೆದಂತೆ ಉಗಿ ಮುಖಕ್ಕೆ ಹೊಡೆಯಿತು. ಒಳಗೆ ಮೊಳಕೆಗಳು ಅಟ್ಟದಿಂದ ಅಟ್ಟಕ್ಕೆ ಹಾದು, ಒಂದಕ್ಕೊಂದು ಕೈ ಹಿಡಿದುಕೊಂಡು, ಬಾಗಿಲು ತೆರೆದದ್ದೇ ತಡ ಹೊರಕ್ಕೆ ಜೋತುಬಿದ್ದವು.

ಗೂಬೆಮಾವ ತಲೆಯ ಮೇಲೆ ಕೈ ಹೊತ್ತು ಕುಳಿತರು. ಷಡ್ಡಕನಿಗೆ ಹೇಳಿ ಕಳಿಸಿದರು. ಷಡ್ಡಕ ಬಂದು, ಮೂಗು ಹಿಡಿದು, ಒಳಗೆ ಕೈಯಿಟ್ಟು ನೋಡಿ, "ಕೆಲಸ ಮಾಡ್ತಿದೆ ಅಣ್ಣ," ಎಂದ, "ದಿಕ್ಕು ಮಾತ್ರ ಉಲ್ಟಾ."

ಗೆಡ್ಡೆಗಳು ಮತ್ತೆ ಪೆಟ್ಟಿಗೆ ಸೇರಿದವು, ಪೆಟ್ಟಿಗೆಗಳು ಮತ್ತೆ ಮಂಚದ ಕೆಳಗೆ. ಇಷ್ಟರಲ್ಲಿ ಗೂಬೆಮಾವನ ಮನಸ್ಸನ್ನು ಇನ್ನೊಂದು ವಿಷಯ ಕೊರೆಯತೊಡಗಿತ್ತು. ಹೆಂಡತಿ ತಮ್ಮನ್ನು ನೋಡುವ ರೀತಿ ಬದಲಾಗಿತ್ತು. ಬೈಗುಳವಿಲ್ಲ, ಹಂಗಿಸುವುದಿಲ್ಲ, ಕಾಯಿಲೆಯವರನ್ನು ನೋಡುವ ಕನಿಕರ. ಚಹಾ ಕೊಡುವಾಗ ಲೋಟ ಸದ್ದಾಗದಂತೆ ಇಟ್ಟು, "ಮಲಗಿ, ಮಲಗಿ," ಎಂದು ಹೋಗುತ್ತಿದ್ದರು. ಚಮಚದ ಕಾರ್ಖಾನೆಯ ಮ್ಯಾನೇಜರು ಅಂಗಿಗಳನ್ನು ನೋಡಲು ಬಂದಾಗ ಇಬ್ಬರೂ ಬಾಗಿಲ ಬಳಿ ಪಿಸುಪಿಸು ಮಾತಾಡಿ, ಇವರ ಕೋಣೆಯ ಕಡೆ ನೋಡಿ ತಲೆಯಾಡಿಸಿದರು. ಗೊತ್ತಾಗಿಬಿಟ್ಟಿದೆ, ಎಂದುಕೊಂಡರು ಗೂಬೆಮಾವ. ಎಲ್ಲಾ ಗೊತ್ತಾಗಿ ನನ್ನನ್ನು ಸಾಗಹಾಕುವ ಏರ್ಪಾಟು ನಡೆದಿದೆ.

ಏರ್ಪಾಟು ನಡೆದದ್ದು ನಿಜವೇ ಆಗಿತ್ತು. ಒಂದು ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಮುಂದಿನ ಕೋಣೆಯಿಂದ ಕರೆ ಬಂತು. ಹೋಗಿ ನೋಡಿದರೆ ಮ್ಯಾನೇಜರು ಒಳ್ಳೆಯ ಕುರ್ಚಿಯಲ್ಲಿ ಕುಳಿತಿದ್ದಾರೆ. ನಾದಿನಿಯೂ ಷಡ್ಡಕನೂ ಗೋಡೆಗೆ ಒರಗಿ ನಿಂತಿದ್ದಾರೆ. ಟೈಲರಮ್ಮನ ಕೈಯಲ್ಲಿ ಒಂದು ಕಪ್ಪು ಕೋಟು. ಕಾಲರು ಕಿವಿ ಮುಚ್ಚುವಷ್ಟು ಎತ್ತರ, ಒಳಗಡೆ ಉಣ್ಣೆಯ ಅಸ್ತರು, ಟಾರ್ಚಿಗೆಂದೇ ಒಂದು ಉದ್ದನೆಯ ಜೇಬು.

"ಹಾಕ್ಕೊಳ್ಳಿ ನೋಡೋಣ," ಅಂದರು ಟೈಲರಮ್ಮ. "ಪೂರ್ತಿ ಕೈಹೊಲಿಗೆ. ಮಶೀನು ಮುಟ್ಟಿಲ್ಲ, ನಿಮಗೆ ಸದ್ದಾಗಬಾರದು ಅಂತ."

ಗೂಬೆಮಾವ ಗೊಂಬೆಯಂತೆ ಕೈ ಚಾಚಿದರು. ಕೋಟು ಮೈಗೆ ಅಚ್ಚು ಹೊಯ್ದಂತೆ ಕುಳಿತಿತು.

"ಇದು ಯಾಕೆ?"

"ನಾನು ಅಷ್ಟೂ ಅರ್ಥವಾಗದ ಹೆಂಗಸಾ? ಪರದೆ ಎಳ್ಕೊಂಡ್ರಿ. ಹಗಲೆಲ್ಲ ಒಳಗೆ ಸೇರ್ಕೊಂಡ್ರಿ. ಸದ್ದು ತಡೆಯೋಕಾಗಲ್ಲ ಅಂದ್ರಿ. ಇಷ್ಟು ವರ್ಷದ ಅಭ್ಯಾಸ, ಬಿಡು ಅಂದ್ರೆ ಬಿಡುತ್ತಾ? ಅವತ್ತು ನಾನು ತಮಾಷೆಗೆ ಗದರಿಸಿದೆ. ನೀವು ಬಾಯಿಬಿಟ್ಟು ಕೇಳೋಕೆ ಸಂಕೋಚಪಟ್ಕೊಂಡ್ರಿ. ಅದಕ್ಕೇ ನಾನೇ ಸಾಹೇಬರ ಹತ್ರ ಮಾತಾಡಿದೆ. ಇವತ್ತಿಂದಲೇ ಕೆಲಸ."

"ನಿಮ್ಮಂಥೋರು ಸಿಗೋದು ಕಷ್ಟ," ಎಂದರು ಮ್ಯಾನೇಜರು. "ಒಂದು ಚಮಚ ಹೋದ್ರೆ ಏನು ಮಹಾ ಅಂತಾರೆ ಎಲ್ಲರೂ. ಅದಕ್ಕೇ ಎಲ್ಲರೂ ಒಂದೊಂದು ತಗೊಂಡು ಹೋಗ್ತಾರೆ."

ಗೂಬೆಮಾವ ಹೆಂಡತಿಯ ಬೆರಳ ತುದಿಗಳನ್ನು ನೋಡಿದರು. ದಪ್ಪ ಬಟ್ಟೆಗೆ ಸೂಜಿ ದೂಡಿ ದೂಡಿ ಕೆಂಪಾಗಿದ್ದವು. ಹೂಂ ಅಂದುಬಿಟ್ಟರೆ ಡೇಲಿಯಾದ ವಿಷಯ ಇವತ್ತಿಗೆ ತಪ್ಪಿತು, ಹೆಂಡತಿಗೂ ಸಂತೋಷ. ಕಿಟಕಿಯಾಚೆ ಅಂಚೆಯವಳು ಖಾಲಿ ಚೀಲ ಬೀಸಿಕೊಂಡು ಮನೆಗೆ ಹೋಗುತ್ತಿದ್ದಳು. ಮೇಲೆ ನೋಡಿ ನಕ್ಕಳು.

"ನಂಗೆ ಹಗಲು ಬೇಕು," ಎಂದುಬಿಟ್ಟರು ಗೂಬೆಮಾವ.

ಮ್ಯಾನೇಜರು ಟೈಲರಮ್ಮನ ಕಡೆ ತಿರುಗಿದರು.

"ಮಲಗಬೇಕಾದ್ದು ನಾನಲ್ಲ ಕಣೇ. ತಲೆನೋವೂ ಇಲ್ಲ, ಏನೂ ಇಲ್ಲ. ಒಂದು ನಿಮಿಷ ಇರು."

ಒಳಗೆ ಹೋಗಿ, ಕೋಟಿನಲ್ಲೇ ಮಂಚದ ಕೆಳಗೆ ತೂರಿ, ಕೆಂಪು ಡೇಲಿಯಾದ ಪೆಟ್ಟಿಗೆಯನ್ನು ಎತ್ತಿ ತಂದು ಕತ್ತರಿಸುವ ಮೇಜಿನ ಮೇಲಿಟ್ಟರು. ಬೆಳ್ಳನೆಯ ಮೊಳಕೆಗಳು ಮೇಜಿನ ಅಂಚಿನಿಂದ ಜೋತು ಮ್ಯಾನೇಜರ ಮೊಣಕಾಲನ್ನು ಸವರಿದವು. ಮ್ಯಾನೇಜರು ಕಾಲು ಎತ್ತಿಕೊಂಡರು.

ಗೂಬೆಮಾವ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದರು. ಚಪ್ಪಲಿ, ಮೊಳಕೆ, ಮಶೀನಿನ ಸದ್ದು, ಉಣ್ಣೆಯ ಮೆತ್ತೆ, ಜೋಗುಳ, ಫ್ರಿಜ್ಜು. ಫ್ರಿಜ್ಜಿನ ಮಾತು ಬಂದಾಗ ಷಡ್ಡಕ ಸೀಲಿಂಗನ್ನು ಪರೀಕ್ಷಿಸಿದ.

ಟೈಲರಮ್ಮ ಮೊಳಕೆಯೊಂದನ್ನು ಬೆರಳಿನಿಂದ ಎತ್ತಿ ನೋಡಿದರು, ಗೆಡ್ಡೆಯನ್ನು ಒತ್ತಿ ನೋಡಿದರು.

"ನಾನು ಮಶೀನು ನಿಲ್ಲಿಸಿದ್ದು ಇವಕ್ಕಾ?"

"ಹೂಂ."

"ಹಾಲಿನೋನು ಬರಿಗಾಲಲ್ಲಿ ಬಂದಿದ್ದು ಇವಕ್ಕಾ?"

"ಸದ್ದಿಗೆ ಎದ್ದುಬಿಟ್ವು ಅಂತ..."

"ಅಲ್ರೀ, ಸದ್ದಿಗೆ ಏಳೋ ಹಾಗಿದ್ರೆ ಇಷ್ಟು ವರ್ಷ ನಿಮ್ಮ ಗೊರಕೆ ಕೆಳಗೆ ಹೇಗ್ರೀ ಮಲಗಿರೋವು?"

ಗೂಬೆಮಾವ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು.

"ನಾನು ಗೊರಕೆ ಹೊಡೀತೀನಾ?"

ಅಷ್ಟೇ ಸಾಕಾಯಿತು. ಮೊದಲು ನಾದಿನಿ, ಆಮೇಲೆ ಷಡ್ಡಕ, ಕೊನೆಗೆ ಸೂಜಿಗಳಿದ್ದ ದಿಂಬನ್ನು ಎದೆಗವಚಿಕೊಂಡು ಟೈಲರಮ್ಮ, ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. "ಬೀದಿ ಕೊನೇ ಮನೆಯವರಿಗೂ ಗೊತ್ತು ಭಾವ, ನಿಮಗೊಬ್ಬರಿಗೆ ಗೊತ್ತಿಲ್ಲ!" ಎಂದಳು ನಾದಿನಿ. ಮ್ಯಾನೇಜರು ಮಾತ್ರ ನಗಬೇಕೋ ಬೇಡವೋ ತಿಳಿಯದೆ, "ಕಾವಲುಗಾರರು ಗೊರಕೆ ಹೊಡೆದರೆ ಹೇಗೆ?" ಎಂದು ತಮ್ಮಷ್ಟಕ್ಕೆ ಗೊಣಗಿದರು.

ನಗು ನಿಂತ ಮೇಲೆ ಟೈಲರಮ್ಮ ಕಣ್ಣೊರೆಸಿಕೊಂಡರು. "ಬೆಚ್ಚಗಾಯ್ತು, ಎದ್ವು. ಇದು ಚಳಿಗಾಲದ ತಪ್ಪು, ಪರದೆ ತೆಗೆದ ನಿಮ್ಮ ತಪ್ಪೂ ಒಂಚೂರು. ಒಂದು ಸಲ ಎದ್ದಿದ್ದನ್ನ ಮತ್ತೆ ಮಲಗಿಸೋಕೆ ಆಗಲ್ಲ. ಈ ಬಿಳೀ ಕುಡಿಗಳನ್ನ ಗಿಡ್ಡ ಕತ್ತರಿಸಿ, ಕುಂಡಕ್ಕೆ ಹಾಕಿ, ಬಿಸಿಲಿಗೆ ಇಡಬೇಕು. ಬೆಳಕು ಸಿಕ್ಕಿದ್ರೆ ಹಸಿರಾಗಿ, ಗ‌ಟ್ಟಿಯಾಗಿ ಬರುತ್ತೆ. ಆದ್ರೆ ಚಳಿ ಇನ್ನೂ ಹೋಗಿಲ್ಲ. ದಿನಾ ಬೆಳಗ್ಗೆ ಎಲ್ಲವನ್ನೂ ಕೆಳಗೆ ಇಳಿಸಬೇಕು, ಸಂಜೆ ತಣ್ಣಗಾಗೋ ಮೊದಲು ಮೇಲೆ ತರಬೇಕು. ಯಾರು ಮಾಡ್ತಾರೆ?"

"ನಾನು!" ಎಂದರು ಗೂಬೆಮಾವ, ಶಾಲೆಯಲ್ಲಿ ಉತ್ತರ ಗೊತ್ತಿರುವ ಹುಡುಗನಂತೆ ಕೈಯೆತ್ತಿ.

"ಹಗಲೆಲ್ಲ ಹಿಡಿಯುತ್ತೆ ಮತ್ತೆ."

"ಹಿಡೀಲಿ."

ಮ್ಯಾನೇಜರು ಎದ್ದು ನಿಂತರು. "ಹಾಗಾದ್ರೆ ನನ್ನ ಚಮಚಗಳ ಗತಿ?"

"ಇವರನ್ನ ಕರ್ಕೊಂಡು ಹೋಗಿ," ಎಂದು ನಾದಿನಿ ಗಂಡನನ್ನು ಮುಂದಕ್ಕೆ ತಳ್ಳಿದಳು. "ಚಮಚ ಕಾಯೋಕಾದ್ರೆ ರಿಪೇರಿ ಮಾಡೋ ಕೆಲಸ ಇರಲ್ಲ. ಊರಿನ ಫ್ರಿಜ್ಜುಗಳೂ ಉಳ್ಕೊಳ್ತವೆ." ಷಡ್ಡಕ ಬೇಡವೆಂದು ಕೈಯಾಡಿಸಿದ, ಮ್ಯಾನೇಜರು ಅವನನ್ನು ಮೇಲಿನಿಂದ ಕೆಳಗೆ ನೋಡಿ ಅದಕ್ಕಿಂತ ಜೋರಾಗಿ ಕೈಯಾಡಿಸಿದರು.

ಕೋಟನ್ನು ಗೂಬೆಮಾವ ವಾಪಸ್ಸು ಕೊಡಲಿಲ್ಲ. ಟಾರ್ಚಿನ ಜೇಬಿಗೆ ಮಣ್ಣು ಕೆದಕುವ ಪುಟ್ಟ ಕರಣೆಯೊಂದು ಸರಿಯಾಗಿ ಹಿಡಿಯಿತು. ಮುಂದಿನ ದಿನಗಳಲ್ಲಿ ಬೀದಿಯವರು ಅವರ ಮುಖವನ್ನು ಬೇಕಾದಷ್ಟು ನೋಡಿದರು. ಬೆಳಕು ಹರಿದು ಚಳಿ ಸ್ವಲ್ಪ ಸಡಿಲವಾದ ಕೂಡಲೇ ಹಳೆಯ ಬಕೆಟ್ಟು, ಡಬ್ಬ, ತೂತುಬಿದ್ದ ಪಾತ್ರೆ, ಎಲ್ಲದರಲ್ಲೂ ಮೋಟು ಡೇಲಿಯಾಗಳನ್ನು ಹೊತ್ತು ಮೆಟ್ಟಿಲಿಳಿದು, ಗೋಡೆಯ ಬುಡಕ್ಕೆ ಸಾಲಾಗಿ ಇಟ್ಟು, ಬೆಕ್ಕುಗಳನ್ನು ಓಡಿಸುತ್ತ ಕೂರುವರು. ಚಳಿಗಾಲದ ಬಿಸಿಲು ಒಂದು ಕಡೆ ನಿಲ್ಲುವುದಿಲ್ಲವಲ್ಲ. ಅದು ಸರಿದಂತೆ ಕುಂಡಗಳೂ ಸರಿಯಬೇಕು. ಮೇಲೆ ಕಿಟಕಿಯಿಂದ ಟೈಲರಮ್ಮ ದನಿಯೆತ್ತಿ ದಾರಿ ತೋರಿಸುವರು.

"ಎಡಕ್ಕೆ ರೀ! ಕೆಂಪು ಡೇಲಿಯಾ ನೆರಳಿಗೆ ಬಂತು! ಇನ್ನೂ ಎಡಕ್ಕೆ!"

ಒಂದು ಮಧ್ಯಾಹ್ನ ಹಾಗೆ ಎಡಕ್ಕೆ, ಇನ್ನೂ ಎಡಕ್ಕೆ ಎಂದು ಸರಿಯುತ್ತ ಸರಿಯುತ್ತ ಗೂಬೆಮಾವ ಕುಂಡಗಳ ಸಮೇತ ರಸ್ತೆಯ ನಟ್ಟನಡುವೆ ಬಂದು ನಿಂತಿದ್ದರು. ಬಸ್ಸು ಬಂದು ಕಿರ್ರೆಂದು ನಿಂತಿತು. ಚಾಲಕ ತಲೆ ಹೊರಹಾಕಿದ.

"ಮಾವ! ರಸ್ತೆ ಇದು!"

"ನಂಗೂ ಗೊತ್ತಪ್ಪ. ಬಿಸಿಲು ಇಲ್ಲಿದೆ, ನಾನೇನು ಮಾಡಲಿ? ಆ ಕಂಬದ ನೆರಳು ಆಚೆ ಸರೀಲಿ, ನಾನೂ ಸರೀತೀನಿ."

ಚಾಲಕ ಹಾರ್ನಿನ ಮೇಲೆ ಕೈಯಿಟ್ಟ, ಏನೋ ಯೋಚಿಸಿ ಕೈ ತೆಗೆದ. ಎಂಜಿನ್ನು ಆರಿಸಿ ಕೆಳಗಿಳಿದು ಬಂದು, ಮೊಣಕಾಲೂರಿ ಕುಳಿತು ಬಕೆಟ್ಟಿನೊಳಗೆ ಇಣುಕಿದ.

"ಇದು ಯಾವ ಬಣ್ಣ ಬರುತ್ತೆ ಮಾವ?"

"ಕೆಂಪು," ಅಂದರು ಗೂಬೆಮಾವ, ಪಕ್ಕಕ್ಕೆ ಸರಿದು ಅವನಿಗೂ ಬಿಸಿಲಲ್ಲಿ ಜಾಗ ಮಾಡಿಕೊಟ್ಟು.